ಒಂದೇ ಕ್ರೈಸ್ತ ಸಭೆಯಲ್ಲಿ ಬೇರೆ ಬೇರೆ ಜನಾಂಗದವರು ಇರುವುದರಿಂದ ಏನು ಪ್ರಯೋಜನ?

ಯೆರೂಸಲೇಮಿನ ಆದಿ ಸಭೆಯಲ್ಲೇ ಇದಕ್ಕೆ ಉತ್ತರವಿದೆ. ದಿನನಿತ್ಯದ ಆಹಾರ ಹಂಚುವಾಗ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಯೇಸುವನ್ನು ನಂಬಿದ್ದ, ಗ್ರೀಕ್ ಮಾತಾಡುವ ಯೆಹೂದ್ಯರು ಸ್ಥಳೀಯ ಯೆಹೂದ್ಯ ವಿಶ್ವಾಸಿಗಳ ಮೇಲೆ ಗೊಣಗಿದರು. ಸಭೆಯನ್ನು ನಡೆಸುತ್ತಿದ್ದ ಯೇಸುವಿನ ಶಿಷ್ಯರು, ಅಂದರೆ ಅಪೊಸ್ತಲರು, ಅವರಿಗೆ ಬೇರೆ ಸಭೆ ಕಟ್ಟಿಕೊಳ್ಳಿ ಎನ್ನಲಿಲ್ಲ. ಹಂಚುವ ಕೆಲಸಕ್ಕೆ ಏಳು ಮಂದಿಯನ್ನು ಆರಿಸಲು ಹೇಳಿದರು. ಸ್ತೆಫನ, ಫಿಲಿಪ್ಪ, ನಿಕೊಲಾಯ... ಏಳೂ ಗ್ರೀಕ್ ಹೆಸರುಗಳೇ! ದೂರಿದವರ ಬಳಗಕ್ಕೇ ಹೊಣೆ ಸಿಕ್ಕಂತೆ ಕಾಣುತ್ತದೆ.

ನನ್ನ ಮಟ್ಟಿಗೆ ದೊಡ್ಡ ಪ್ರಯೋಜನ ಇದೇ: ಎಲ್ಲರೂ ಒಂದೇ ಬಳಗದವರಾದರೆ, ಹೊರಗಿನಿಂದ ಬಂದ ಯಾರು ಹಸಿದಿದ್ದಾರೆ ಎಂಬುದು ಕಣ್ಣಿಗೇ ಬೀಳುವುದಿಲ್ಲ.

ಸಿರಿಯದ ಅಂತಿಯೋಕ್ಯ ನಗರದ ಸಭೆಯೂ ಹೀಗೇ ಇತ್ತು. ಅದರ ಮುಂದಾಳುಗಳಲ್ಲಿ ಸೈಪ್ರಸ್‌ನ ಬಾರ್ನಬ, ಉತ್ತರ ಆಫ್ರಿಕದ ಕುರೇನ್ಯದ ಲೂಕ್ಯ, ತಾರ್ಸದ ಸೌಲ (ಪೌಲ ಎಂದೇ ಹೆಸರಾದವನು) ಇದ್ದರು. ಬಾರ್ನಬ, ಸೌಲರನ್ನು ದೂರದ ನಾಡುಗಳಿಗೆ ಸುವಾರ್ತೆ ಸಾರಲು ಕಳಿಸಿದ್ದು ಆ ಸಭೆಯೇ.