ಡಿಸ್ಕ್ ತೊಂದರೆಯ ನಂತರ ಮತ್ತೆ ಭಾರ ಎತ್ತಬಹುದೇ?

ಪ್ರಶ್ನೆ: ನನಗೆ 38 ವರ್ಷ. ಏಳು ತಿಂಗಳ ಹಿಂದೆ ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಬಗ್ಗಿ ಎತ್ತುವ ವ್ಯಾಯಾಮ) ಮಾಡುವಾಗ ಸೊಂಟ ಹಿಡಿದುಕೊಂಡಿತು. ಸೊಂಟದ ಎಲ್4–ಎಲ್5 ಮೂಳೆಗಳ ನಡುವಿನ ಡಿಸ್ಕ್ (ಮೆತ್ತೆ) ಉಬ್ಬಿ ನರವನ್ನು ಒತ್ತುತ್ತಿದೆ ಎಂದು ಎಂಆರ್‌ಐ ವರದಿ ಬಂತು. ಕಾಲಿಗಿಳಿಯುತ್ತಿದ್ದ ಸೆಳೆತ ಈಗಿಲ್ಲ, ಬಗ್ಗಿದರೆ ಮಾತ್ರ ಸೊಂಟ ನೋಯುತ್ತದೆ. ವ್ಯಾಯಾಮ ಆರಂಭಿಸಲು ವೈದ್ಯರು ಒಪ್ಪಿದ್ದಾರೆ. ಯಾವ ಕ್ರಮ ಅನುಸರಿಸಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸೆಳೆತ ನಿಂತಿರುವುದು ಒಳ್ಳೆಯ ಲಕ್ಷಣ. ಇಂಥ ಡಿಸ್ಕ್ ತೊಂದರೆಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆಯಿಲ್ಲದೆಯೇ ಶಮನವಾಗುತ್ತವೆ. ಭಾರ ಎತ್ತುವುದನ್ನು ಜೀವಮಾನವಿಡೀ ಬಿಡಬೇಕಾಗಿಯೂ ಇಲ್ಲ. ಆದರೆ ವ್ಯಾಯಾಮವನ್ನು ಆರಿಸುವಾಗ, ನಿಮ್ಮ ಬೆನ್ನು ಯಾವ ಚಲನೆಯನ್ನು ಸಹಿಸುತ್ತಿಲ್ಲ ಎಂಬುದೇ ಮೊದಲ ಲೆಕ್ಕವಾಗಬೇಕು. ನಿಮ್ಮ ವಿಷಯದಲ್ಲಿ ಅದು ಮುಂದಕ್ಕೆ ಬಗ್ಗುವುದು. ಹೀಗಾಗಿ ಸಿಟ್‌ಅಪ್, ಸೊಂಟ ಮಡಚಿಕೊಳ್ಳುವಷ್ಟು ಆಳಕ್ಕಿಳಿಯುವ ಲೆಗ್ ಪ್ರೆಸ್ (ಯಂತ್ರದಲ್ಲಿ ಕಾಲಿನಿಂದ ಭಾರ ತಳ್ಳುವುದು), ಪಶ್ಚಿಮೋತ್ತಾನಾಸನ, ಹಲಾಸನ ಸದ್ಯಕ್ಕೆ ಬೇಡ. ಆಸನವೆಂದರೆ ಒಳ್ಳೆಯದೇ ಇರಬೇಕೆಂದು ನೋವನ್ನು ನುಂಗಿಕೊಂಡು ಬಗ್ಗುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಮೊದಲ ಕೆಲವು ವಾರ ಬೆನ್ನನ್ನು ಅಲುಗದಂತೆ ಹಿಡಿದಿಡುವ ಶಕ್ತಿಯನ್ನು ಬೆಳೆಸಿಕೊಳ್ಳಿ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನೆಲುಬಿನ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ ಸ್ಟುವರ್ಟ್ ಮೆಕ್‌ಗಿಲ್ ಅವರು ಪ್ರಚಾರಕ್ಕೆ ತಂದ ಮೂರು ವ್ಯಾಯಾಮಗಳು ಇದಕ್ಕೆ ತಕ್ಕವು. ಮೊದಲನೆಯದರಲ್ಲಿ ಅಂಗಾತ ಮಲಗಿ, ಒಂದು ಮಂಡಿ ಮಡಿಸಿ, ಸೊಂಟದ ತಗ್ಗಿನಡಿ ಅಂಗೈಗಳನ್ನಿಟ್ಟು, ತಲೆ ಮತ್ತು ಭುಜಗಳನ್ನು ನೆಲದಿಂದ ತುಸುವೇ ಮೇಲೆತ್ತಬೇಕು. ಎರಡನೆಯದು ಮೊಣಕೈ ಮತ್ತು ಮಂಡಿಗಳ ಮೇಲೆ ಪಕ್ಕಕ್ಕೆ ನಿಲ್ಲುವ ಸೈಡ್ ಪ್ಲ್ಯಾಂಕ್. ಮೂರನೆಯದರಲ್ಲಿ ಅಂಬೆಗಾಲಿನ ಭಂಗಿಯಲ್ಲಿ ಎಡಗೈ ಮತ್ತು ಬಲಗಾಲನ್ನು, ಬಳಿಕ ಬಲಗೈ ಮತ್ತು ಎಡಗಾಲನ್ನು ನೇರವಾಗಿ ಚಾಚಬೇಕು. ಪ್ರತಿ ಸಲ 10 ಸೆಕೆಂಡು ಹಿಡಿದರೆ ಸಾಕು. ದಿನ ಕಳೆದಂತೆ ಹಿಡಿಯುವ ಹೊತ್ತನ್ನಲ್ಲ, ಸಂಖ್ಯೆಯನ್ನು ಹೆಚ್ಚಿಸಿ. ಜೊತೆಗೆ ದಿನವೂ ನಡೆಯಿರಿ.

ದಿನದ ಯಾವ ಹೊತ್ತಿನಲ್ಲಿ ವ್ಯಾಯಾಮ ಮಾಡಬೇಕೆಂಬುದನ್ನು ಜಿಮ್‌ಗಳಲ್ಲಿ ಹೇಳುವವರು ಕಡಿಮೆ. ರಾತ್ರಿ ಮಲಗಿದಾಗ ಡಿಸ್ಕ್ ನೀರನ್ನು ಹೀರಿಕೊಂಡು ಉಬ್ಬಿರುವುದರಿಂದ, ಎದ್ದ ಕೂಡಲೇ ಬಗ್ಗಿದರೆ ಅದರ ಮೇಲೆ ಬೀಳುವ ಒತ್ತಡ ಹೆಚ್ಚು. ಬೆಳಗಿನ ಐದೂವರೆಗೆ ಎದ್ದು ಆರಕ್ಕೆಲ್ಲ ಭಾರ ಎತ್ತುವ ಅಭ್ಯಾಸ ನಿಮಗಿದ್ದರೆ ಅದನ್ನು ಸಂಜೆಗೆ ಬದಲಿಸಿ.

ವ್ಯಾಯಾಮದ ವೇಳೆ ಸೊಂಟದಲ್ಲಿ ಸಣ್ಣ ಬಿಗಿತ ಕಂಡು ಮರುದಿನಕ್ಕೆ ಇಳಿದರೆ ಮುಂದುವರಿಸಬಹುದು. ನೋವು ಮತ್ತೆ ಕಾಲಿಗಿಳಿದರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಿ. ಪಾದ ಎತ್ತಲು ಆಗದಿದ್ದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿಕೊಂಡರೆ, ಮರುದಿನಕ್ಕೆ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಇಷ್ಟು ನೋವಿಲ್ಲದೆ ಸಾಗಿದ ಮೇಲೆ, ಡಂಬೆಲ್ಲನ್ನು ಎದೆಗೊತ್ತಿ ಹಿಡಿದು ಬೆಂಚಿನ ಮೇಲೆ ಕೂತೇಳುವ ಬಸ್ಕಿಯನ್ನೂ, ಎದೆಯನ್ನು ಬೆಂಚಿಗೆ ಆನಿಸಿ ತೂಕವನ್ನು ಮೈಯತ್ತ ಎಳೆದುಕೊಳ್ಳುವ ರೋಯಿಂಗನ್ನೂ ವಾರಕ್ಕೆ ಎರಡು ದಿನ ಸೇರಿಸಿಕೊಳ್ಳಿ. ಡೆಡ್‌ಲಿಫ್ಟ್ ಕೊನೆಗಿರಲಿ. ಆಗಲೂ ನೆಲದಿಂದ ಎತ್ತದೆ, ಮಂಡಿಯೆತ್ತರದ ಪೆಟ್ಟಿಗೆಯ ಮೇಲಿಟ್ಟ ಹಗುರ ತೂಕದಿಂದ, ಬೆನ್ನು ನೇರವಾಗಿಟ್ಟು ತೊಡೆಯ ಕೀಲಿನಲ್ಲಷ್ಟೇ ಬಾಗುವುದನ್ನು ಫಿಸಿಯೋಥೆರಪಿಸ್ಟ್ ಒಬ್ಬರ ಕಣ್ಣೆದುರಿನಲ್ಲಿ ಕಲಿಯಿರಿ.