ಅಮೆರಿಕದಲ್ಲಿ ಶಾಲಾ ಸೂಪರಿಂಟೆಂಡೆಂಟ್ ಒಪ್ಪಂದದ ಮೇಲೆ ಕಣ್ಣಿಡುವವರು ಯಾರು?

ಅಲ್ಲಿ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕವೇ ಶಾಲಾ ಜಿಲ್ಲೆ, ಅದರ ಮುಖ್ಯ ಅಧಿಕಾರಿ ಸೂಪರಿಂಟೆಂಡೆಂಟ್. ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ತೆಗೆಯುವುದು ಎರಡೂ ಹೆಚ್ಚಿನ ಕಡೆ ಜನ ಆರಿಸಿದ ಶಾಲಾ ಮಂಡಳಿಯ ಕೈಯಲ್ಲಿದೆ. ಆದರೆ ಮಂಡಳಿಯೇ ಒಪ್ಪಂದವನ್ನು ಸರಿಯಾಗಿ ಓದದಿದ್ದರೆ?

ಕ್ಯಾಲಿಫೋರ್ನಿಯಾದ ಸೆಂಟಿನೆಲಾ ವ್ಯಾಲಿ ಪ್ರೌಢಶಾಲಾ ಜಿಲ್ಲೆಯನ್ನೇ ನೋಡಿ. ಚಿಕ್ಕ ಜಿಲ್ಲೆ, ಜಾಸ್ತಿ ಬಡ ಮಕ್ಕಳೇ. ಅಲ್ಲಿನ ಸೂಪರಿಂಟೆಂಡೆಂಟ್‌ಗೆ 2013ರಲ್ಲಿ ಸಿಕ್ಕಿದ್ದು 6,63,000 ಡಾಲರ್‌ಗೂ ಹೆಚ್ಚು. ಮೂಲ ಸಂಬಳ ಅದರ ಅರ್ಧವೂ ಇರಲಿಲ್ಲ. ಉಳಿದದ್ದೆಲ್ಲ ಒಪ್ಪಂದದ ಸಣ್ಣ ಸಣ್ಣ ಷರತ್ತುಗಳಿಂದ ಬಂದದ್ದು. ಮನೆ ಕೊಳ್ಳಲು ಜಿಲ್ಲೆಯೇ 2% ಬಡ್ಡಿಗೆ 9 ಲಕ್ಷ ಡಾಲರ್‌ಗೂ ಮೀರಿ ಸಾಲ ಕೊಟ್ಟಿತ್ತು! ಇದನ್ನು ಬಯಲಿಗೆ ತಂದದ್ದು ‘ಡೈಲಿ ಬ್ರೀಜ್’ ಎಂಬ ಸ್ಥಳೀಯ ಪತ್ರಿಕೆ. ಆ ಕೆಲಸಕ್ಕೆ 2015ರ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಬಂತು.

ಆಮೇಲೆ ಕ್ಯಾಲಿಫೋರ್ನಿಯಾದ ಕಾನೂನೂ ಬಿಗಿಯಾಯಿತು. 2016ರಿಂದ ಆದ ಒಪ್ಪಂದಗಳಲ್ಲಿ, ಅವಧಿಗೆ ಮೊದಲೇ ಕಳಿಸಿದರೆ ಕೊಡುವ ಪರಿಹಾರ 12 ತಿಂಗಳ ಸಂಬಳ ದಾಟುವಂತಿಲ್ಲ. ಮೊದಲು 18 ತಿಂಗಳಿತ್ತು. ಇದಲ್ಲದೆ ಅಲ್ಲಿನ ಕಾನೂನಿನಂತೆ ಒಪ್ಪಂದದ ಅವಧಿ ಹೆಚ್ಚೆಂದರೆ 4 ವರ್ಷ. ಬಹಿರಂಗ ಸಭೆಯಲ್ಲೇ ಅದಕ್ಕೆ ಒಪ್ಪಿಗೆ ಸಿಗಬೇಕು, ಅದರ ಪ್ರತಿಯನ್ನು ಯಾರು ಕೇಳಿದರೂ ಕೊಡಬೇಕು.

ಹಾಗಾಗಿ ನೀವು ಅಲ್ಲಿ ಮಕ್ಕಳನ್ನು ಓದಿಸುತ್ತಿದ್ದರೆ ಆ ಪ್ರತಿ ಕೇಳಿ ತರಿಸಿಕೊಳ್ಳಿ. ಸಂಬಳದ ಸಾಲು ನೋಡಿ ಸುಮ್ನಾಗಬೇಡಿ. ಉಳಿದ ರಜೆಗೆ ಎಷ್ಟು ಹಣ, ಪಿಂಚಣಿಗೆ ಎಷ್ಟು, ಸಾಲ ಇದೆಯಾ, ಅದನ್ನೂ ಓದಿ.