ಮೆಷಿನ್ ಇಲ್ಲದೆ, ಕೈಯಲ್ಲೇ ಒಂದು ಕಾಫಿ ಟೇಬಲ್ ಮಾಡಬಹುದಾ?

ಬೆಂಗಳೂರಲ್ಲಿ ಬಾಡಿಗೆ ಫ್ಲ್ಯಾಟು, ಒಂದು ಬಾಲ್ಕನಿ, ಮೆಷಿನ್ ಯಾವುದೂ ಇಲ್ಲ, ಮರಗೆಲಸ ಹಿಂದೆ ಮಾಡಿಲ್ಲ. ಆದರೂ ಕೈಯಲ್ಲೇ ಕಾಫಿ ಟೇಬಲ್ ಮಾಡಬೇಕು, ಯಾವ ಮರ ತಗೊಳ್ಳಲಿ, ಅಂಗಡಿಯಲ್ಲಿ ಕೊಳ್ಳೋದಕ್ಕಿಂತ ಅಗ್ಗ ಆಗುತ್ತಾ ಅಂತ ಕೇಳಿದ್ದೀರಿ. ಕೆಲವು ವರ್ಷದ ಹಿಂದೆ ನಾನೂ ಹೀಗೇ ಶುರು ಮಾಡಿದ್ದು. ಇವತ್ತಿಗೆ ನಾಲ್ಕು ಟೇಬಲ್ ಆಗಿವೆ. ಮೂರು ಚೆನ್ನಾಗಿವೆ.

ಅಗ್ಗ ಆಗಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಟೇಬಲ್ಲಿಗೆ ಮರಕ್ಕಿಂತ ಉಪಕರಣಕ್ಕೇ ಜಾಸ್ತಿ ದುಡ್ಡು ಹೋಗುತ್ತದೆ. ಶನಿವಾರ, ಭಾನುವಾರ ಮಾತ್ರ ಕೂತರೆ ಒಂದೂವರೆ ಎರಡು ತಿಂಗಳು ಬೇಕು. ಇದಕ್ಕೆ ಒಪ್ಪಿಗೆ ಇದ್ದರೆ ಮುಂದೆ ಓದಿ.

ಚೆನ್ನಾಗಿಲ್ಲದ ಆ ಒಂದರ ಕಥೆ ಕೇಳಿ. ನಮ್ಮದು ಮೂಡಿಗೆರೆ ಕಡೆ. ಆಗಸ್ಟಿನಲ್ಲಿ ರಜೆ ಹಾಕಿ ಊರಿಗೆ ಹೋಗಿದ್ದೆ. ಹೊರಗೆ ಬಿಡದೆ ಮಳೆ. ಜಗಲಿಯಲ್ಲಿ ಕೂತು ಅಟ್ಟದ ಮೇಲಿದ್ದ ಸಿಲ್ವರ್ ಓಕ್ ಹಲಗೆಗಳಲ್ಲಿ ಟೇಬಲ್ ಮಾಡಿದೆ. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸಿ, ಮೆಣಸಿನ ಬಳ್ಳಿ ಹಬ್ಬಿಸುವ ಮರ ಅದು. ಕಾಫಿ ಟೇಬಲ್ಲಿಗೆ ಇದಕ್ಕಿಂತ ಸರಿಯಾದ ಮರ ಯಾವುದಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಮೇಲಿನ ಹಲಗೆ ಅಲ್ಲಾಡಬಾರದು ಅಂತ ಚೌಕಟ್ಟಿಗೆ ಗಟ್ಟಿಯಾಗಿ ಅಂಟು ಹಾಕಿ, ಮೇಲೆ ಹನ್ನೆರಡು ಸ್ಕ್ರೂ ಬಿಗಿದೆ. ಮೈಸೂರಿಗೆ ತಂದು ಹಾಲಿನಲ್ಲಿಟ್ಟೆ. ಶಿವರಾತ್ರಿ ಹತ್ತಿರ ಬಂದಾಗ ಒಂದು ರಾತ್ರಿ ಟಪ್ ಅಂತ ಸದ್ದು. ಬೆಳಗ್ಗೆ ನೋಡಿದರೆ ಹಲಗೆ ಈ ತುದಿಯಿಂದ ಆ ತುದಿಗೆ ಸೀಳಿತ್ತು.

ಊರಿನಲ್ಲಿ ನಮ್ಮ ಮನೆ ಬಾಗಿಲು, ಕಿಟಕಿ ಮಾಡಿದ ಆಚಾರ್ರಿಗೆ ಫೋಟೋ ತೋರಿಸಿದೆ. ಅವರು ನಕ್ಕರು. "ಅಲ್ಲ ಮಾರಾಯ, ನಿಮ್ಮನೆ ಹಿಂದಿನ ಬಾಗ್ಲು ಮಳೆಗಾಲದಲ್ಲಿ ಹಾಕಕ್ಕೆ ಬರಲ್ಲ, ಬೇಸಿಗೇಲಿ ಸಲೀಸಾಗಿ ಬರುತ್ತೆ. ಹುಟ್ಟಿದಾಗಿಂದ ನೋಡಿದೀಯ. ಟೇಬಲ್ಲಿಗೆ ಬೇರೆ ಮರನಾ?" ಅಂದರು.

ಕೈಕೆಲಸದಲ್ಲಿ ನಾನು ಕಲಿತ ಮುಖ್ಯ ಪಾಠ ಇದೊಂದೇ. ಮರ ತೇವ ಹೀರಿದಾಗ ಅಗಲದಲ್ಲಿ ಹಿಗ್ಗುತ್ತದೆ, ಒಣಗಿದಾಗ ಅಗಲದಲ್ಲಿ ಕುಗ್ಗುತ್ತದೆ. ಎಳೆ ಹೋಗುವ ದಿಕ್ಕಿನಲ್ಲಿ, ಅಂದರೆ ಉದ್ದದಲ್ಲಿ, ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ನನ್ನ ಹಲಗೆ ಬೇಸಿಗೆಯಲ್ಲಿ ಕುಗ್ಗಲು ನೋಡಿತು. ಅಡ್ಡಕ್ಕೆ ಹೋದ ಚೌಕಟ್ಟಿನ ಪಟ್ಟಿ ಕುಗ್ಗಲಿಲ್ಲ. ಸ್ಕ್ರೂಗಳು ಬಿಡಲಿಲ್ಲ. ಪಾಪ, ಹಲಗೆ ಇನ್ನೇನು ಮಾಡುತ್ತದೆ?

ಈಗ ಮರದ ವಿಷಯ. ಎಲ್ಲರೂ ತೇಗ ಅನ್ನುತ್ತಾರೆ. ಒಳ್ಳೆಯ ಮರವೇ, ಸಂಶಯವಿಲ್ಲ. ಆದರೆ ಮೊದಲ ಸಲ ಕೈ ತಪ್ಪೇ ತಪ್ಪುತ್ತದೆ, ತೇಗದ ಮೇಲೆ ತಪ್ಪಿದರೆ ಹೊಟ್ಟೆ ಉರಿಯುತ್ತದೆ. ಹೊನ್ನೆ, ಮತ್ತಿ ಗಟ್ಟಿ ಮರಗಳು. ಕೈ ಗರಗಸದಲ್ಲಿ ಕೊಯ್ಯುವಷ್ಟರಲ್ಲಿ ಭುಜ ಬಿದ್ದುಹೋಗುತ್ತದೆ. ನನ್ನ ಆಯ್ಕೆ ಹಲಸು. ಉಳಿಗೆ ಚೆನ್ನಾಗಿ ಬಗ್ಗುತ್ತದೆ, ವೀಣೆ ಮಾಡುವವರೂ ಇದನ್ನೇ ಹುಡುಕುತ್ತಾರೆ. ಹೊಸದಾಗಿ ಕೊಯ್ದಾಗ ಅರಿಶಿನದ ಬಣ್ಣ ಇದ್ದು, ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಸಿಲ್ವರ್ ಓಕ್ ಇನ್ನೂ ಹಗುರ, ಮೈಮೇಲೆ ಜರಿಯ ಹಾಗೆ ಮಿನುಗುವ ಚುಕ್ಕೆ ಇರುತ್ತವೆ. ಆದರೆ ಕುಟ್ಟೆ ಹಿಡಿಯುತ್ತದೆ, ಆದ್ದರಿಂದ ಹುಳುವಿನ ಔಷಧಿ ಹೊಡೆದ ಹಲಗೆ ಕೇಳಿ ತಗೊಳ್ಳಿ. ಅದರ ಪುಡಿ ಕೆಲವರಿಗೆ ಮೈ ತುರಿಕೆ ತರುತ್ತದೆ, ನನಗಂತೂ ತಂತು. ಮಾಸ್ಕ್ ಹಾಕಿಕೊಳ್ಳಿ.

ಬೆಂಗಳೂರಲ್ಲಿ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಒಂದು ಸುತ್ತು ಹಾಕಿ ಬನ್ನಿ. ಹಳೇ ಮನೆ ಕೆಡವಿದ ಮರ ಸಿಕ್ಕರೆ ಇನ್ನೂ ಒಳ್ಳೆಯದು, ಹಿಗ್ಗಿ ಕುಗ್ಗಿ ಅದಕ್ಕೆ ಅಭ್ಯಾಸವಾಗಿರುತ್ತದೆ. ಒಳಗೆ ಮುರಿದ ಮೊಳೆ ಇದೆಯಾ ಅಂತ ಅಯಸ್ಕಾಂತ ಆಡಿಸಿ ನೋಡಿ. ಹೊಸ ಮರವಾದರೆ ಕೊಯ್ದು ಎಷ್ಟು ದಿನ ಆಯಿತು ಅಂತ ಕೇಳಿ. ಗಾಳಿಯಲ್ಲಿ ಒಣಗಲು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೇ ಲೆಕ್ಕ. ಮನೆಗೆ ತಂದ ಮೇಲೂ ಹಲಗೆಗಳ ನಡುವೆ ರೀಪು ಕೊಟ್ಟು, ಗಾಳಿ ಆಡುವ ಹಾಗೆ ಎರಡು ಮೂರು ವಾರ ಸುಮ್ನೆ ಬಿಟ್ಟುಬಿಡಿ.

ಮಿಲ್ಲಿನಲ್ಲಿ ಲೆಕ್ಕ ಸಿಎಫ್‌ಟಿಯಲ್ಲಿ, ಅಂದರೆ ಘನ ಅಡಿಯಲ್ಲಿ. 36 ಇಂಚು ಉದ್ದ, 18 ಇಂಚು ಅಗಲ, 1 ಇಂಚು ದಪ್ಪದ ಮೇಲ್ಹಲಗೆಗೆ 648 ಘನ ಇಂಚು. 2 ಇಂಚು ಚೌಕದ, 16 ಇಂಚು ಎತ್ತರದ ನಾಲ್ಕು ಕಾಲಿಗೆ 256. ಕಾಲುಗಳನ್ನು ಜೋಡಿಸುವ 3 ಇಂಚು ಅಗಲದ ನಾಲ್ಕು ಪಟ್ಟಿಗೆ ಸುಮಾರು 250. ಒಂದು ಸಿಎಫ್‌ಟಿಗೆ 1728 ಘನ ಇಂಚು. ಹಾಳಾಗುವುದು, ನುಣುಪು ಮಾಡುವಾಗ ಹೋಗುವುದು ಎಲ್ಲ ಸೇರಿಸಿದರೂ ಒಂದು ಸಿಎಫ್‌ಟಿ ಸಾಕು. ಅವರು ಕೊಯ್ದ ಅಳತೆಗೆ ದುಡ್ಡು ತಗೊಳ್ಳುತ್ತಾರೆ, ನುಣುಪು ಮಾಡಿದ ಅಳತೆಗಲ್ಲ. 1 ಇಂಚು ಬೇಕಿದ್ದರೆ ಒಂದೂಕಾಲು ಇಂಚಿನ ಹಲಗೆ ಕೇಳಿ. ಎತ್ತರ ನಿಮ್ಮ ಸೋಫಾ ನೋಡಿಕೊಳ್ಳಿ, ಕೂರುವ ಜಾಗಕ್ಕಿಂತ ಒಂದೆರಡು ಇಂಚು ಕೆಳಗಿದ್ದರೆ ಲೋಟ ಎತ್ತಲು ಹಾಯಾಗಿರುತ್ತದೆ.

ಉಪಕರಣ ಜಾಸ್ತಿ ಬೇಡ. ಒಂದು ಗರಗಸ, ಒಂದು ತೋಪಡ (ಶಾಲೆಯ ಪುಸ್ತಕದಲ್ಲಿ ಉಜ್ಜುಗೊರಡು ಅಂತ ಓದಿದ್ದೀರಲ್ಲ, ಅದೇ), ಅರ್ಧ ಇಂಚಿನದೊಂದು, 3 ನೂಲಿನದೊಂದು ಉಳಿ, ಕೊಡತಿ (ಮರದ ಸುತ್ತಿಗೆ), ಮೂಲೆಮಟ್ಟ, ಟೇಪು. ಆಚಾರ್ರ ಬಾಯಲ್ಲಿ ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ. ಇವೆಲ್ಲಕ್ಕಿಂತ ಮುಖ್ಯ ಸಾಣೆಕಲ್ಲು. ಅಂಗಡಿಯಿಂದ ತಂದ ಹೊಸ ಉಳಿ ಹರಿತವಾಗಿರುವುದಿಲ್ಲ. ಇದು ಗೊತ್ತಿಲ್ಲದೆ ನಾನು ಎರಡು ವಾರ ಮರವನ್ನು ಜಜ್ಜಿದ್ದೆ, ಕೆತ್ತಿರಲಿಲ್ಲ. ಉಳಿಯ ಬೆನ್ನನ್ನು ಮೊದಲು ಚಪ್ಪಟೆ ಉಜ್ಜಿ, ಆಮೇಲೆ ಓರೆ ಭಾಗವನ್ನು ಸುಮಾರು 25 ಡಿಗ್ರಿಯಲ್ಲಿ ಹಿಡಿದು ಮಸೆಯಿರಿ. ಮುಂಗೈ ಕೂದಲು ಬೋಳಾದರೆ ಹರಿತ ಬಂತು ಅಂತ ಅರ್ಥ. ಮೊದಲ ವಾರ ಪೂರ್ತಿ ಮಸೆಯುವುದಕ್ಕೇ ಹೋದರೂ ನಷ್ಟವಿಲ್ಲ.

ಬೆಂಚ್ ಇಲ್ಲವಲ್ಲ ಅಂತ ಕೊರಗಬೇಡಿ. ನಮ್ಮ ಆಚಾರ್ರು ನೆಲದಲ್ಲೇ ಕೂತು, ಮರವನ್ನು ಕಾಲಲ್ಲಿ ಅದುಮಿ ಹಿಡಿದು ಇಡೀ ಮನೆಯ ಬಾಗಿಲು ಮಾಡಿದರು. ನಾನು ಒಂದು ದಪ್ಪ ಹಲಗೆಯ ತುದಿಗೆ ಅಡ್ಡಪಟ್ಟಿ ಹೊಡೆದು, ಅದನ್ನು ಗೋಡೆಗೆ ಒತ್ತಿಟ್ಟು ತೋಪಡ ಹೊಡೆಯುತ್ತೇನೆ. ಕೊಡತಿ ಏಟಿಗೆ ಮಾತ್ರ ಹೊತ್ತು ನೋಡಿಕೊಳ್ಳಿ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಕುಟ್ಟಿದ್ದಕ್ಕೆ ಕೆಳಗಿನ ಮನೆ ಆಂಟಿ ಮೇಲೆ ಬಂದು, "ಏನಪ್ಪಾ, ಮೆಣಸಿನಪುಡಿ ಮಾಡ್ತಿದ್ದೀರಾ?" ಅಂತ ವಿಚಾರಿಸಿದರು. ಅವತ್ತಿಂದ ಕೆಳಗೆ ದಪ್ಪ ಮ್ಯಾಟ್ ಹಾಕುತ್ತೇನೆ.

18 ಇಂಚು ಅಗಲದ ಒಂದೇ ಹಲಗೆ ಸುಲಭಕ್ಕೆ ಸಿಗಲ್ಲ. ಆರಾರು ಇಂಚಿನ ಮೂರು ಹಲಗೆ ಅಂಟಿಸಬೇಕು. ಸೇರುವ ಎರಡು ಅಂಚುಗಳನ್ನು ಪುಸ್ತಕ ಮಡಚಿದ ಹಾಗೆ ಜೊತೆಗೆ ಹಿಡಿದು, ಎರಡಕ್ಕೂ ಒಟ್ಟಿಗೇ ತೋಪಡ ಹೊಡೆಯಿರಿ. ಕೈ ಸ್ವಲ್ಪ ವಾಲಿದ್ದರೂ ಬಿಡಿಸಿ ಸೇರಿಸಿದಾಗ ಒಂದರ ಓರೆ ಇನ್ನೊಂದರ ಓರೆಗೆ ಕೂತುಬಿಡುತ್ತದೆ. ಬೆಳಕಿಗೆ ಹಿಡಿದು ನೋಡಿ, ಸಂದಿಯಲ್ಲಿ ಬೆಳಕು ಇಣುಕಬಾರದು. ಕ್ಲ್ಯಾಂಪ್ ಕೊಳ್ಳಲು ದುಡ್ಡಿಲ್ಲವೇ? ಒಂದು ಪ್ಲೈವುಡ್ ಮೇಲೆ ಎರಡು ರೀಪು ಹೊಡೆದು, ನಡುವೆ ಫೆವಿಕಾಲ್ ಹಚ್ಚಿದ ಹಲಗೆಗಳನ್ನಿಟ್ಟು, ಉಳಿದ ಸಂದಿಗೆ ಎದುರುಬದುರಾಗಿ ಬೆಣೆ ಬಡಿಯಿರಿ. ಅಂಟು ಪ್ಲೈವುಡ್ಡಿಗೂ ಹಿಡಿಯದ ಹಾಗೆ ಕೆಳಗೆ ಹಳೇ ಪ್ಲಾಸ್ಟಿಕ್ ಹಾಳೆ ಹಾಸಿ. ಒಂದು ದಿನ ಮುಟ್ಟಬೇಡಿ.

ಕಾಲಿಗೂ ಪಟ್ಟಿಗೂ ಸ್ಕ್ರೂ ಬೇಡ. ಕಾಲಿನಲ್ಲಿ ಉದ್ದ ಚೌಕದ ತೂತು, ಪಟ್ಟಿಯ ತುದಿಯಲ್ಲಿ ಅದಕ್ಕೆ ಕೂರುವ ನಾಲಿಗೆ. ಯೂಟ್ಯೂಬಿನಲ್ಲಿ ಮಾರ್ಟೈಸ್ ಟೆನನ್ ಅಂತ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ನಾಲಿಗೆಯ ದಪ್ಪ ಪಟ್ಟಿಯ ಮೂರನೇ ಒಂದು ಭಾಗ, ಇಲ್ಲಿ 3 ನೂಲು ಹಿಡಿಯಿರಿ. ಯಾವತ್ತೂ ತೂತು ಮೊದಲು ಕೆತ್ತಿ, ನಾಲಿಗೆ ಆಮೇಲೆ. ನಾಲಿಗೆಯನ್ನು ತೆಳ್ಳಗೆ ಮಾಡಬಹುದು, ತೂತನ್ನು ಕಿರಿದು ಮಾಡಲಾಗದು. ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯದೆ ಚೂಪಾದ ಚಾಕುವಿನಲ್ಲಿ ಗೀರಿ, ಉಳಿ ಆ ಗೀರಿನಲ್ಲೇ ಕೂರುತ್ತದೆ. ಕಾಲಿನ ಮೇಲ್ತುದಿಯಿಂದ ಅರ್ಧ ಇಂಚಾದರೂ ಬಿಟ್ಟು ತೂತು ಶುರು ಮಾಡಿ, ಇಲ್ಲದಿದ್ದರೆ ತುದಿ ಸೀಳುತ್ತದೆ. ಎರಡು ಮಗ್ಗುಲಿನ ತೂತುಗಳು ಒಳಗೆ ಒಂದಕ್ಕೊಂದು ಸೇರಿಕೊಂಡರೆ ಗಾಬರಿಯಾಗಬೇಡಿ. ನಾಲಿಗೆಗಳ ತುದಿಯನ್ನು 45 ಡಿಗ್ರಿ ಓರೆ ಕತ್ತರಿಸಿದರೆ ಸರಿಹೋಗುತ್ತದೆ. ಅಂಟಿಸುವಾಗ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದು ನೋಡಿ. ಎರಡೂ ಒಂದೇ ಬಂದರೆ ಚೌಕಟ್ಟು ಸೊಟ್ಟ ಇಲ್ಲ.

ಇನ್ನು ನನ್ನ ಟೇಬಲ್ ಸೀಳಿದ ಜಾಗ. ಮೇಲ್ಹಲಗೆಗೆ ಅಂಟು ಹಾಕಲೇಬೇಡಿ. ಪಟ್ಟಿಗಳ ಒಳಮೈಯಲ್ಲಿ ಉದ್ದಕ್ಕೆ ಒಂದು ಗಾಡಿ, ಅಂದರೆ ಸಣ್ಣ ಕಾಲುವೆಯಂಥ ತೋಡು, ಕೆತ್ತಿ. ಹೆಬ್ಬೆರಳು ಗಾತ್ರದ ಮರದ ತುಂಡುಗಳಿಗೆ ಒಂದು ಕಡೆ ಚಿಕ್ಕ ತುಟಿ ಬಿಡಿಸಿ, ಆ ತುಟಿ ಗಾಡಿಯೊಳಗೆ ಜಾರುವ ಹಾಗೆ ಇಟ್ಟು, ತುಂಡನ್ನು ಮಾತ್ರ ಹಲಗೆಗೆ ಸ್ಕ್ರೂ ಮಾಡಿ. ಎಂಟು ತುಂಡು ಸಾಕು. ಉದ್ದದ ಪಟ್ಟಿಗಳ ಕಡೆ ತುಂಡಿಗೂ ಪಟ್ಟಿಗೂ ನಡುವೆ ಒಂದು ನೂಲು ಸಂದಿ ಬಿಡಿ. ಹಲಗೆ ಮೇಲಕ್ಕೆ ಏಳುವುದಿಲ್ಲ, ಆದರೆ ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗಲು ಅದಕ್ಕೆ ದಾರಿ ಇರುತ್ತದೆ. ಎರಡನೇ ಟೇಬಲ್ಲಿಗೆ ಹೀಗೆ ಮಾಡಿದ ಮೇಲೆ ಮಾರ್ಚಿನಲ್ಲೊಮ್ಮೆ, ಜುಲೈನಲ್ಲೊಮ್ಮೆ ಅಗಲ ಅಳೆದೆ. ಒಂದು ನೂಲು ವ್ಯತ್ಯಾಸ! ಅಷ್ಟು ಸಾಕು ಹಲಗೆ ಸೀಳಲು.

ಪಾಲಿಶ್ ಬಗ್ಗೆ ಒಂದೇ ಮಾತು. ಅರಗಿನ ಪಾಲಿಶ್ ನೋಡಲು ಬಲು ಚಂದ, ಆದರೆ ಬಿಸಿ ತಡೆಯಲ್ಲ. ನಮ್ಮದು ಸ್ಟೀಲ್ ಲೋಟದ ಮನೆ. ಬಿಸಿ ಬಿಸಿ ಫಿಲ್ಟರ್ ಕಾಫಿ ಇಟ್ಟು ಎತ್ತಿದರೆ ಬಿಳಿ ಉಂಗುರ ಉಳಿಯುತ್ತದೆ. ದವರಾ ಜೊತೆಗೇ ಇಡುವ ಶಿಸ್ತು ನಿಮ್ಮ ಮನೆಯಲ್ಲಿದ್ದರೆ ಹಚ್ಚಿ, ಇಲ್ಲದಿದ್ದರೆ ಪಿಯು (ಪಾಲಿಯುರೆಥೇನ್ ಪಾಲಿಶ್) ಹಚ್ಚಿ. ಅಗಸೆ ಎಣ್ಣೆ, ಜೇನುಮೇಣ ನನಗೆ ಇಷ್ಟ, ಗೀಚು ಬಿದ್ದರೆ ಮತ್ತೆ ಸವರಿದರಾಯಿತು. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಬಿಸಿಯಾಗಿ, ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಬಾಲ್ಕನಿಯಲ್ಲಿ ಒಂದೇ ಪದರ ಹರವಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ. ಫ್ಲ್ಯಾಟಿನಲ್ಲಿದ್ದೀರಿ ಅಂತ ಒತ್ತಿ ಹೇಳುತ್ತಿದ್ದೇನೆ.

ಎಲ್ಲ ಮುಗಿದ ಮೇಲೆ ಟೇಬಲ್ ಕುಂಟುತ್ತದೆ. ಎಲ್ಲರದ್ದೂ ಕುಂಟುತ್ತದೆ. ತಕ್ಷಣ ಗರಗಸ ಹಿಡಿಯಬೇಡಿ, ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲಿಟ್ಟು ನೋಡಿ. ಅಲ್ಲಿಯೂ ಕುಂಟಿದರೆ ಮಾತ್ರ ಕಾಲು ಕತ್ತರಿಸಿ. ನಾನು ಒಂದು ಕಾಲನ್ನು ಎರಡು ಸಲ ಕತ್ತರಿಸಿದ ಮೇಲೆ ಗೊತ್ತಾಗಿದ್ದು, ಸೊಟ್ಟ ಇದ್ದದ್ದು ಬಾಡಿಗೆ ಮನೆಯ ನೆಲ ಅಂತ. ನಮ್ಮ ಮನೆಯಲ್ಲಿ ಇದಕ್ಕೆ ಟೀಪಾಯಿ ಅಂತಲೇ ಹೆಸರು. ಟೀ ಇಡುವುದಕ್ಕೆ ಆ ಹೆಸರು ಅಂದುಕೊಂಡಿದ್ದೆ. ಅದು ಹಿಂದಿಯ ತಿಪಾಯಿ ಅಂತೆ, ಮೂರು ಕಾಲಿನದು. ಮೂರು ಕಾಲಿದ್ದರೆ ಎಂಥ ನೆಲದ ಮೇಲೂ ಕುಂಟುವುದಿಲ್ಲ. ನನ್ನ ಐದನೆಯದು ಅದೇ.